ಮುಂಜಾನೆ ಮುನಿಯುವ ಫಟ್‌ಫಟಿ

ಪುಣೆಯ ಡಿಸೆಂಬರ್ ಚಳಿ. ಡೆಕ್ಕನ್ ಜಿಮಖಾನಾದ ರಸ್ತೆಯಲ್ಲಿ ಇನ್ನೂ ದೀಪ ಆರಿಲ್ಲ. ಹೋಟೆಲೊಂದರ ಮುಂದೆ ಕಚ್ಚೆ ಸೀರೆಯ ಹೆಂಗಸೊಬ್ಬರು ಸೆರಗು ಬಿಗಿದು ಸಣ್ಣ ಫಟ್‌ಫಟಿಯ ಕಿಕ್ ತುಳಿಯುತ್ತಿದ್ದಾರೆ. ಜಪ್ಪಯ್ಯ ಅಂದರೂ ಗಾಡಿ ಚಾಲೂ ಆಗುವುದಿಲ್ಲ.

ಇವರು ಅಂಬಾಬಾಯಿ, ಈ ಓಣಿಯ ಗಾಡಿಗಳ ಮಿಸ್ತ್ರಿ. ಪಕ್ಕದಲ್ಲಿ ಕೈ ಹಿಸುಕಿಕೊಳ್ಳುತ್ತಿರುವವರು ಹೋಟೆಲ್ ಮಾಲೀಕ ರಘುರಾಮ ಭಟ್ಟರು. ಅವರ ಇಡ್ಲಿ ಡಬ್ಬಿ ಶಿವಾಜಿನಗರ ಸ್ಟೇಶನ್ನಿನಲ್ಲಿ ಲೋಣಾವಳಾ ರೈಲು ಹತ್ತಬೇಕು; ಘಾಟಿನಲ್ಲಿ ಹಳಿ ರಿಪೇರಿ ಮಾಡುವವರ ನಾಷ್ಟಾ ಅದು. ಈ ವಾರ ಆಗಲೇ ಎರಡು ಸಲ ತಪ್ಪಿದೆ. ಇನ್ನೊಮ್ಮೆ ತಪ್ಪಿದರೆ ಬೇರೆ ಹೋಟೆಲ್ ನೋಡಿಕೊಳ್ಳುತ್ತೇವೆ ಎಂದು ಆ ಆಳುಗಳ ಮೇಲ್ವಿಚಾರಕ ಮುಕಾದಮ ಹೇಳಿ ಕಳಿಸಿದ್ದಾನೆ. ಈ ಹೊತ್ತಿಗೆ ಟಾಂಗಾ ಸಿಗುವುದಿಲ್ಲ.

ವಿಚಿತ್ರವೆಂದರೆ, ಇದೇ ಗಾಡಿಯನ್ನು ಮಧ್ಯಾಹ್ನ ಅಂಬಾಬಾಯಿಯ ಅಂಗಡಿಗೆ ತಳ್ಳಿ ತಂದರೆ ಒಂದೇ ಒದೆತಕ್ಕೆ ಚಾಲೂ ಆಗುತ್ತದೆ. ಅದಕ್ಕೇ ಇಂದು ಅದು ಮುನಿಯುವ ಹೊತ್ತಿಗೇ ಬಂದು ಹಿಡಿದಿದ್ದಾರೆ.

"ರಾತ್ರಿ ಇದರ ಮೈಮೇಲೆ ಎಂತದೋ ಬರ್ತದೆ ಮಾರಾಯ್ರೆ," ಎನ್ನುತ್ತಾರೆ ಭಟ್ಟರು.

"ಮೈಮ್ಯಾಲೆ ಬರಲಿಕ್ಕೆ ಇದೇನ್ ದ್ಯಾಮವ್ವನ ಪೂಜಾರಿ ಏನ್ರಿ ಅಣ್ಣಾರ? ಸುಮ್ನ ಕಂದೀಲು ಹಿಡೀರಿ. ದೂರ ಹಿಡೀರಿ, ಪೆಟ್ರೋಲ್ ಅದ!"

ಧಾರವಾಡದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದ ಅಂಬಾಬಾಯಿಗೆ ಈ ಕಸುಬು ಕಣ್ಣಿನಿಂದ ಬಂದದ್ದು. ಗಂಡ ಮಾರ್ತಾಂಡರಾಯರು ರಿಪೇರಿ ಮಾಡುವಾಗ ಇವರು ಪಾನಾ ಎತ್ತಿ ಕೊಡುತ್ತಿದ್ದರು. ಯಾವ ಬೋಲ್ಟಿಗೆ ಯಾವ ಪಾನಾ ಎಂದು ರಾಯರು ಬಾಯಿ ಬಿಡುವ ಮೊದಲೇ ಅದು ಅವರ ಕೈಯಲ್ಲಿರುತ್ತಿತ್ತು. ರಾಯರು ಜ್ವರದಲ್ಲಿ ತೀರಿಕೊಂಡಾಗ ಸಾಮಾನು ಮಾರಿ ಊರಿಗೆ ಹೋಗೆಂದು ನೆಂಟರು ಹೇಳಿದರು. ಇವರು ಅಂಗಡಿಯ ಬಾಗಿಲು ತೆರೆದರು. "ಮೊದಲ ಮೊದಲ ಬಂದವರೆಲ್ಲಾ, ಮಿಸ್ತ್ರಿ ಎಲ್ಲಿ ಅಂತ ಕೇಳ್ತಿದ್ರು. ಎದುರಿಗೇ ನಿಂತಾಳಲ್ರಿ ಅಂತಿದ್ದೆ," ಎಂದು ನಗುತ್ತಾರೆ. ಈಗ ಯಾರೂ ಕೇಳುವುದಿಲ್ಲ. ಮಹಾಯುದ್ಧ ಶುರುವಾದಮೇಲೆ ಹೊಸ ಬಿಡಿಭಾಗಗಳಿಲ್ಲ. ಹಳೆಯದನ್ನೇ ಉಜ್ಜಿ ಓಡಿಸಬೇಕಾದ ಈ ಕಾಲದಲ್ಲಿ ಅವರಿಗೆ ಕೈತುಂಬ ಕೆಲಸ.

ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಒದೆಯುತ್ತಾರೆ. ನೀಲಿ ಕಿಡಿ ಚಟ್ಟೆನ್ನುತ್ತದೆ. ರಂಧ್ರಕ್ಕೆ ಹೆಬ್ಬೆರಳು ಒತ್ತಿ ಮತ್ತೆ ಒದೆಯುತ್ತಾರೆ. ಗಾಳಿ ಬೆರಳನ್ನು ದೂಡುತ್ತದೆ.

"ಕಿಡಿ ಅದ, ದಮ್ಮೂ ಅದ. ಆದ್ರ ಪ್ಲಗ್ ಒಣಾ ಅದ ನೋಡ್ರಿ! ಇದಕ್ಕ ಪೆಟ್ರೋಲ್ ಮುಟ್ಟವಲ್ದು."

ಟ್ಯಾಂಕಿನಲ್ಲಿ ಪೆಟ್ರೋಲಿದೆ, ಕೊಳವೆಯಲ್ಲೂ ಬರುತ್ತಿದೆ. ಉಳಿದದ್ದು ಕಾರ್ಬುರೇಟರ್. ಅದರ ಬಟ್ಟಲು ಬಿಚ್ಚಿದರೆ ತಳದಲ್ಲಿ ಬೆಳ್ಳಗೆ ಮೇಣದಂಥದ್ದು. ಪೆಟ್ರೋಲು ಎಂಜಿನ್ನಿಗೆ ಹಾಯುವ ಸೂಜಿಯಷ್ಟು ಸಣ್ಣ ತೂತೂ ಅದರಿಂದಲೇ ಕಟ್ಟಿದೆ. ಅಂಬಾಬಾಯಿ ಮೂಸುತ್ತಾರೆ. ಹುಬ್ಬು ಮೇಲೇರುತ್ತದೆ. ಇದು ತಲೆಗೆ ಹಚ್ಚುವ ಎಣ್ಣೆಯ ವಾಸನೆಯಲ್ಲವೇ!

"ಅಣ್ಣಾರ, ಪೆಟ್ರೋಲಿನಾಗ ಯಾವ ಎಣ್ಣಿ ಕಲಸೀರಿ?"

ಈ ಜಾತಿಯ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಭಟ್ಟರು ತಡವರಿಸುತ್ತಾರೆ. "ಎಂಜಿನ್ ಎಣ್ಣೆ ಪೇಟೆಯಲ್ಲಿ ಎಲ್ಲುಂಟು ಈಗ? ಊರಿನ ತೆಂಗಿನೆಣ್ಣೆ ಹಾಕಿದೆ. ಅದಕ್ಕಿಂತ ಶುದ್ಧ ಎಣ್ಣೆ ಎಂತ ಉಂಟು?"

"ಶುದ್ಧ ಖರೆ. ಥಂಡಿಗೆ ಗಟ್ಟಿ ಆಗ್ತದಲ್ರಿ! ತಲಿ ಎರಕೊಳ್ಳೋ ದಿನ ಹೆಂಗಸರು ಎಣ್ಣಿ ಬಾಟ್ಲಿ ಬಿಸಲಿಗೆ ಯಾಕ ಇಡ್ತಾರ?"

ಭಟ್ಟರಿಗೆ ನಂಬಿಕೆಯೇ ಬಾರದು. ಕಡಲತಡಿಯ ಅವರ ಊರಿನಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುವಷ್ಟು ಚಳಿಯಿಲ್ಲ. ಇಲ್ಲಿ ಅವರ ಎಣ್ಣೆ ಡಬ್ಬ ಸದಾ ಒಲೆಯ ಪಕ್ಕ. ಫಟ್‌ಫಟಿ ಮಾತ್ರ ರಾತ್ರಿಯಿಡೀ ಬಯಲಲ್ಲಿ ನಿಲ್ಲುತ್ತದೆ, ಬಟ್ಟಲಿನ ಪೆಟ್ರೋಲು ಆರಿ ಎಣ್ಣೆ ಉಳಿಯುತ್ತದೆ.

ಇಡ್ಲಿ ಬೇಯಿಸಿದ ಬಿಸಿನೀರು ತಪ್ಪಲೆಯಲ್ಲಿ ಹೊರಗೆ ಬರುತ್ತದೆ. ಕಾರ್ಬುರೇಟರಿನ ಭಾಗಗಳನ್ನು ಅದರಲ್ಲಿ ಅದ್ದಿದ್ದೇ ತಡ, ಬಿಳಿ ಕರಗಿ ನೀರಾಗುತ್ತದೆ. ಒರೆಸಿ, ಜೋಡಿಸಿ, ಒಂದು ಒದೆತ. ಫಟ್, ಫಟ್, ಫಟ್‌ಫಟ್‌ಫಟ್! ಓಣಿಯ ನಾಯಿಗಳೆಲ್ಲ ಎದ್ದು ಕೂಗುತ್ತವೆ. ಭಟ್ಟರ ಕಣ್ಣಲ್ಲಿ ನೀರು.

ಆದರೆ ಹತ್ತಿ ಕೂರಲು ಅವರಿಗೆ ಧೈರ್ಯವಿಲ್ಲ. "ದಾರಿಯಲ್ಲಿ ನಿಂತರೆ ಎಂತ ಮಾಡುವುದು? ನೀವೂ ಹಿಂದೆ ಕೂತು ಬನ್ನಿ."

ಅಂಬಾಬಾಯಿ ಓಣಿಯ ತಿರುವಿನತ್ತ ನೋಡುತ್ತಾರೆ. ಇಷ್ಟು ವರ್ಷದಲ್ಲಿ ಎಷ್ಟು ಗಾಡಿ ರಿಪೇರಿ ಮಾಡಿದ್ದರೂ ಅಂಗಡಿಯ ಹಿಂದಿನ ಗಲ್ಲಿ ದಾಟಿ ಓಡಿಸಿದವರಲ್ಲ. ಮಂದಿ ಏನೆಂದಾರು ಎಂಬ ಅಂಜಿಕೆ. ಇತ್ತ ರೈಲು ಕಾಯುವುದಿಲ್ಲ.

"ನಾ ಹಿಂದ ಕೂಡಂಗಿಲ್ಲ. ಡಬ್ಬಿ ಹಿಡ್ಕೊಂಡು ನೀವ ಹಿಂದ ಕೂಡ್ರಿ."

ಹೀಗೆ ಡೆಕ್ಕನ್ನಿನಿಂದ ಶಿವಾಜಿನಗರದವರೆಗೆ ಕಚ್ಚೆ ಸೀರೆಯ ಸವಾರಿ ಹೊರಡುತ್ತದೆ. ಹಾಲಿನವನು ಸೈಕಲ್ ನಿಲ್ಲಿಸಿ "ಅರೇ ಬಾಪರೇ!" ಎನ್ನುತ್ತಾನೆ. ಭಟ್ಟರು ಕಣ್ಣು ಮುಚ್ಚಿ ದೇವರ ನಾಮ ಜಪಿಸುತ್ತಾರೆ. ರೈಲು ಸೀಟಿ ಹಾಕುವಷ್ಟರಲ್ಲಿ ಇಡ್ಲಿ ಡಬ್ಬಿ ಗಾರ್ಡನ ಬೋಗಿಯೊಳಗೆ.

ಸ್ಟೇಶನ್ನಿನ ಹೊರಗೆ ಬಿಸಿ ಎಂಜಿನ್ನಿನ ಮೇಲೆ ಅಂಗೈ ಕಾಯಿಸಿಕೊಳ್ಳುತ್ತ ಅಂಬಾಬಾಯಿ ಹೇಳುತ್ತಾರೆ: "ಇಷ್ಟ ವರ್ಷ ಚಾಲೂ ಮಾಡಿ ಕಳಸೋದಷ್ಟ ನಂದಾಗಿತ್ರಿ. ಗಾಡಿ ಆವಾಜು ಓಣಿ ತಿರುವಿನತನಕ ಕೇಳಸ್ತಿತ್ತು, ಆಮ್ಯಾಲೆ ಇಲ್ಲ. ಇವತ್ತ ಕಡೀತನಕಾ ಕೇಳಿದೆ."