ಹಾಳೆ ಎಳೆಯುವ ನಾಗಿ

ನನ್ನ ತಂಗಿ ನಾಗಿ ಶಿರಸಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವಳು. ಓದಿದ್ದು ಮೂರನೇ ಇಯತ್ತೆ. ಲ್ಯಾಬಿಗೆ ಬರುವ ಮೊದಲು ಹದಿನೆಂಟು ವರ್ಷ ಒಬ್ಬರ ಮನೆಯಲ್ಲಿ ಮಾರಾಟಕ್ಕೆ ತೊಡೆದೇವು ಮಾಡುತ್ತಿದ್ದಳು. ಕವುಚಿದ ಮಡಕೆಯ ಬಿಸಿ ಬೆನ್ನಿನ ಮೇಲೆ ಕಬ್ಬಿನಹಾಲು ಬೆರೆಸಿದ ತೆಳು ಹಿಟ್ಟನ್ನು ಒಂದೇ ಸಲ ಬಳಿದರೆ ಕಾಗದದಂಥ ಸಿಹಿ ಏಳುತ್ತದಲ್ಲ, ಅದು. ಮೊಣಕಾಲು ಬೆಂಕಿಯೆದುರು ಕೂರಲು ಒಲ್ಲೆ ಅಂದ ಮೇಲೆ ಲ್ಯಾಬು ಸೇರಿದಳು.

ಅಲ್ಲಿ ಹೆಗ್ಗರಣೆ ಕಡೆಯ ಮೇಧಾ ಎಂಬ ಹುಡುಗಿ ಸಂಶೋಧನೆ ಮಾಡುತ್ತಾಳೆ. ಅಡಿಕೆ ಬೇಯಿಸಿ ಚೆಲ್ಲುವ ಕೆಂಪು ತೊಗರು ನೀರು ಬಾವಿಗೆ ಇಳಿಯಬಾರದು ಎಂಬುದು ಅವಳ ಹಟ. ಪ್ಲಾಸ್ಟಿಕ್ ಜಾತಿಯ ಒಂದು ಪುಡಿಯನ್ನು ಜೇನಿನ ಹಾಗೆ ಕರಗಿಸಿ, ಗಾಜಿನ ಮೇಲೆ ಸುರಿದು, ಉಕ್ಕಿನ ಸರಳಿನಿಂದ ಎಳೆದು ನೀರಿನಲ್ಲಿ ಮುಳುಗಿಸಿದರೆ ಬಿಳಿ ಹಾಳೆ ಬಿಟ್ಟುಕೊಳ್ಳುತ್ತದೆ. ಕಣ್ಣಿಗೆ ಕಾಣದ ತೂತಿನ ಜರಡಿ ಅದು. ಅದಕ್ಕೆ ಅಣಬೆಯಿಂದ ತೆಗೆದ ಒಂದು ಪ್ರೋಟೀನನ್ನು ಅಂಟಿಸುತ್ತಾಳೆ.

"ಗೊಂತಿಗೆ ಕಟ್ಟಿದ ಎಮ್ಮೆ ಇದ್ದ ಹಾಗೆ, ನಾಗಕ್ಕ. ಬಿಟ್ಟರೆ ನೀರಿನ ಜೊತೆ ಓಡಿಹೋಗ್ತದೆ. ಕಟ್ಟಿದರೆ ಅಲ್ಲೇ ನಿಂತು ಬಣ್ಣ ಮೇಯ್ತದೆ" ಅಂತ ನಾಗಿಗೆ ಹೇಳಿಕೊಟ್ಟಿದ್ದಳು.

ಕಳೆದ ವರ್ಷ ಮೇಧಾಳ ಸಂಶೋಧನೆ ನೋಡಲು ಪರೀಕ್ಷಕರು ಬರುವುದಕ್ಕೆ ಮೂರು ದಿನ ಇತ್ತು. ಮೇಧಾ ಹನ್ನೆರಡು ಹಾಳೆಗಳನ್ನು ನೀರಿನ ತಟ್ಟೆಯಲ್ಲಿಟ್ಟು ಊಟಕ್ಕೆ ಹೋದಳು. ಹೊರಗೆ ಒಳ್ಳೆ ಬಿಸಿಲು. ಒದ್ದೆ ಹಾಳೆ ಕಂಡರೆ ನಮ್ಮ ಕಡೆಯ ಹೆಂಗಸಿನ ಕೈ ಸುಮ್ಮನಿರುತ್ತದೆಯೇ? ನಾಗಿ ಅವನ್ನು ಹಪ್ಪಳದ ಹಾಗೆ ತಾರಸಿಯ ಮೇಲೆ ಹರವಿ ಬಂದಳು. ಸಂಜೆಗೆ ಅವು ಸುರುಟಿದ್ದವು. ತೂತೆಲ್ಲ ಮುಚ್ಚಿ, ಒಂದು ಹನಿ ನೀರೂ ಇಳಿಯಲಿಲ್ಲ.

ಲ್ಯಾಬು ನೋಡಿಕೊಳ್ಳುವ ಪ್ರೊಫೆಸರರು ಕೂಗಾಡಲಿಲ್ಲ. "ನಾಳೆಯಿಂದ ವರಾಂಡ ಗುಡಿಸಿದರೆ ಸಾಕು. ಲ್ಯಾಬಿನ ಒಳಗೆ ಬರೋದು ಬೇಡ" ಅಂದರು.

ಮನೆಗೆ ಬಂದವಳಿಗೆ ಗಂಡ ಕೆರಿಯ, "ಹಪ್ಪಳಕ್ಕೆ ಖಾರ ಹಾಕಿದ್ಯೋ ಇಲ್ವೋ?" ಅಂದ. ನಾಗಿ ನಗಲಿಲ್ಲ. "ಅಕ್ಕ, ಕೆಡಿಸಿದ್ದು ನಾನು. ಸರಿ ಮಾಡದೆ ಹೊರಗೆ ನಿಲ್ಲೋದು ಹೇಗೆ?" ಅಂತ ನನ್ನನ್ನು ಕೇಳಿದಳು.

ಮರುದಿನ ಬಾಗಿಲ ಆಚೆ ನಿಂತೇ ನೋಡಿದಳಂತೆ. ಮೇಧಾ ಅವಸರಕ್ಕೆ ಬಾಟಲಿ ಕುಲುಕಿ ಸುರಿಯುತ್ತಿದ್ದಳು, ಎಳೆದದ್ದರ ಮೇಲೆ ಮತ್ತೆ ಎಳೆಯುತ್ತಿದ್ದಳು. ಹಾಳೆ ತುಂಬ ಗುಳ್ಳೆ. ಐದಕ್ಕೆ ಐದೂ ಕೆಟ್ಟವು.

"ತಂಗಿ, ಕುಲುಕಿದ ಕೂಡಲೇ ಎರೀಬಾರ್ದು. ಗುಳ್ಳೆ ಹೋಗೋವರೆಗೆ ಕೂರಿಸು" ಅಂದಳು ನಾಗಿ, ಬಾಗಿಲಿಂದಲೇ.

"ಅದು ಗೊತ್ತು ನಾಗಕ್ಕ. ಹೊತ್ತೆಲ್ಲಿದೆ?"

"ಐದು ಕೆಡಿಸೋಕೆ ಹೊತ್ತಿತ್ತಲ್ಲ."

ಮೇಧಾ ಪ್ರೊಫೆಸರರ ಮುಖ ನೋಡಿದಳು. ಅವರು ಕೆಟ್ಟ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, "ಒಂದೇ ಒಂದು ಹಾಳೆ. ಅವರೇ ಎಳೆಯಲಿ" ಅಂದರು.

ಬಾಟಲಿ ಮಧ್ಯಾಹ್ನದವರೆಗೆ ಅಲ್ಲಾಡದೆ ಕೂತಿತು. ಆಮೇಲೆ ನಾಗಿ ಗ್ಲೌಸು ಹಾಕಿ, ಉಸಿರು ಹಿಡಿದು, ಸರಳನ್ನು ಒಂದೇ ಸಲ ತನ್ನ ಕಡೆ ಎಳೆದು, ಗಾಜನ್ನು ನೀರಿಗಿಳಿಸಿದಳು. ಹಾಳೆ ಎದ್ದು ತೇಲಿತು. ಬೆಳಕಿಗೆ ಹಿಡಿದು ಹುಡುಕಿದರೂ ಒಂದು ಚುಕ್ಕೆ ಇಲ್ಲ. ಸಂಜೆಯೊಳಗೆ ಇನ್ನೂ ಎಂಟು ಎಳೆದಳು. ಮೇಧಾ ಅವಕ್ಕೆ ಪ್ರೋಟೀನು ಅಂಟಿಸಿದಳು.

ಪರೀಕ್ಷಕರ ಎದುರಿಗೆ ಕೆಂಪು ನೀರು ಹಾಳೆ ದಾಟಿ ತಿಳಿಯಾಗಿ ಬಿತ್ತು. ಇಷ್ಟು ಸಮನಾಗಿ ಎಳೆದದ್ದು ಯಾರು ಅಂತ ಅವರು ಕೇಳಿದಾಗ ಪ್ರೊಫೆಸರರೇ ವರಾಂಡಕ್ಕೆ ಬಂದು, "ನಾಗಮ್ಮ, ಒಳಗೆ ಬನ್ನಿ" ಅಂದರಂತೆ.

ಈಗ ಹೊಸದಾಗಿ ಸೇರುವ ಹುಡುಗಿಯರು ಮೊದಲ ವಾರ ನಾಗಿಯ ಪಕ್ಕದಲ್ಲಿ ನಿಂತೇ ಕಲಿಯಬೇಕು. ತುಂಬ ಬೈಯುತ್ತಾಳೆ ಅಂತ ದೂರು. ಬೈಯಲಿ. ಅವಳ ಅಕ್ಕ ನಾನು ಅಂತ ಬಸ್ಸಿನಲ್ಲಿ ಕೇಳದವರಿಗೂ ಹೇಳುತ್ತೇನೆ.