ಆರ್ಫಾ ಕಾಯಿಸಿದ ಕಬ್ಬಿಣ

ಐವತ್ತೆರಡನೆಯ ವಯಸ್ಸಿನಲ್ಲಿ ಆರ್ಫಾ ಹ್ಯಾಸ್ಕ್ಯೂಳ ಹೆಸರಿನಲ್ಲಿ ಒಂದು ಬರೆ ಇತ್ತು, ಆ ಬರೆ ಹೊತ್ತ ದನ ಒಂದೂ ಇರಲಿಲ್ಲ. ಅರಿಜೋನಾದ ದಕ್ಷಿಣದ ಹುಲ್ಲುಬಯಲಿನಲ್ಲಿ ಇದು ನಗೆಪಾಟಲಿನ ಸಂಗತಿ. ಅಲ್ಲಿ ದನ ಯಾರದೆಂದು ಹೇಳುವುದು ಅದರ ಮೈಮೇಲಿನ ಬರೆ. ಬರೆಯ ಆಕಾರ, ಅದನ್ನು ಮೈಯ ಯಾವ ಜಾಗದಲ್ಲಿ ಹಾಕಬೇಕು ಎಂಬುದು ಸರ್ಕಾರದ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಜಾಗ ನಾಲ್ಕು ಬೆರಳು ತಪ್ಪಿದರೂ ಅದು ಬರೆಯಲ್ಲ, ಬರಿಯ ಗಾಯ.

ಆರ್ಫಾಳದ್ದು ಅವಳ ತಾಯಿ ಇಡೆಲಾಳಿಂದ ಬಂದ ಬರೆ: ಮನೆಯ ಮಾಡಿನಂಥ ಗೆರೆಯ ಕೆಳಗೊಂದು ಅರ್ಧಚಂದ್ರ, ಎಡ ತೊಡೆಯ ಮೇಲೆ. ಮದುವೆಯಾಗಿ ಬರುವಾಗ ಇಡೆಲಾ ಆ ಗುರುತಿನ ಹನ್ನೆರಡು ಕಡಸುಗಳನ್ನು ಹೊಡೆದುಕೊಂಡು ಬಂದಿದ್ದಳು. ಸಾಯುವ ಹೊತ್ತಿಗೆ ಅವು ನೂರ ನಲವತ್ತಾಗಿದ್ದವು. 'ಅವೆಲ್ಲ ಹುಡುಗೀದು' ಎಂದು ಗಂಡನಿಗೆ ಹೇಳಿ ಕಣ್ಣು ಮುಚ್ಚಿದ್ದಳು.

ತಂದೆ ಲಿಯಾಂಡರ್‌ಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಆದಾಗ ಆರ್ಫಾ ಏಳು ತಿಂಗಳು ಟೂಸಾನ್ ನಗರದ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕುಳಿತಳು. ನರ್ಸಿನ ಎದುರು ಮುದುಕ ಹೆಬ್ಬೆಟ್ಟು ಒತ್ತಿ ಆ ಬರೆಯನ್ನು ಮಗಳ ಹೆಸರಿಗೆ ಬರೆದುಕೊಟ್ಟ. ಬರೆಯ ಹಿಂದೆ ದನಗಳೂ ಬರುತ್ತವೆಂದು ಅವನು ತಿಳಿದಿದ್ದ, ಅವಳೂ ತಿಳಿದಿದ್ದಳು. ಶವಪೆಟ್ಟಿಗೆಯೊಂದಿಗೆ ಅವಳು ದನ ಸಾಕುವ ಜಮೀನಿಗೆ, ಅಪ್ಪನ ರಾಂಚಿಗೆ, ಮರಳಿದಾಗ ನೂರ ನಲವತ್ತು ದನಗಳ ತೊಡೆಯ ಮೇಲೂ ಅರ್ಧಚಂದ್ರವನ್ನು ಸೀಳಿದಂತೆ ಒಂದು ಉದ್ದಗೆರೆ ಇತ್ತು, ಅದರ ಕೆಳಗೆ ತಮ್ಮ ಲೈಮನ್ನನ ಮೂರು ಅಡ್ಡಗೆರೆಯ ಬರೆ. ಉದ್ದಗೆರೆ ಎಂದರೆ ಹಳೆಯ ಒಡೆಯ ಹಕ್ಕು ಬಿಟ್ಟುಕೊಟ್ಟ ಎಂದರ್ಥ. ಲೈಮನ್ ಕ್ರಯಪತ್ರ ತೋರಿಸಿದ. ಕೆಳಗೆ ಅಪ್ಪನ ಸಹಿ, ಬರೆ ಮಗಳಿಗೆ ಬರೆದುಕೊಟ್ಟದ್ದಕ್ಕಿಂತ ಒಂದು ವಾರ ಹಿಂದಿನ ತಾರೀಖು. ಲೈಮನ್ ಆಸ್ಪತ್ರೆಗೆ ಬಂದದ್ದು ಒಂದೇ ಸಲ, ಆ ವಾರದಲ್ಲೇ. ಆಗ ಆರ್ಫಾ ತಂದೆಯ ಬಟ್ಟೆ ಒಗೆಯಲು ಕೆಳಗೆ ಹೋಗಿದ್ದಳು. ಆ ದಿನಗಳಲ್ಲಿ ಲಿಯಾಂಡರ್‌ಗೆ ಚಮಚ ಹಿಡಿಯುವ ಶಕ್ತಿಯೂ ಇರಲಿಲ್ಲ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು.

ರಾಂಚು ಮಗನಿಗೆ ಹೋಯಿತು. ಆರ್ಫಾ ಅಲ್ಲೇ ಉಳಿದು ಆಳುಗಳಿಗೆ ಅಡುಗೆ ಮಾಡತೊಡಗಿದಳು.

"ದೋನ್ಯಾ, ನೀವು ಬೇರೆ ಕಡೆ ಹೋಗಬಾರದಾ?" ಎಂದು ಹಗ್ಗ ಎಸೆದು ದನ ಹಿಡಿಯುವ ಮುದುಕ ಚೋನ್ ಫಿಗೆರೋವಾ ಒಮ್ಮೆ ಕೇಳಿದ. ಯಜಮಾನರ ಮನೆಯ ಹೆಂಗಸರನ್ನು ಅವನು ಕರೆಯುತ್ತಿದ್ದದ್ದೇ ಹಾಗೆ.

"ನಾನು ಹೋದ್ರೆ ಲೈಮನ್‌ಗೆ ನಿದ್ದೆ ಬಂದುಬಿಡುತ್ತೆ ಚೋನ್," ಎಂದಳು ಆರ್ಫಾ.

ದನವಿಲ್ಲದಿದ್ದರೂ ಅವಳು ಬರೆಯ ನೋಂದಣಿಯನ್ನು ತಪ್ಪದೆ ನವೀಕರಿಸಿದಳು. ಊಟದ ಮೇಜಿನಲ್ಲಿ ಲೈಮನ್‌ಗೆ ಅದೊಂದು ತಮಾಷೆ. "ಅಕ್ಕಾ, ಯಾವುದಕ್ಕೆ ಹಾಕ್ತೀಯ ಆ ಬರೆ? ರೊಟ್ಟಿಗಾ?" ಆಳುಗಳು ನಗಬೇಕಾದ್ದರಿಂದ ನಗುತ್ತಿದ್ದರು. ಚೋನ್ ಮಾತ್ರ ಬೀನ್ಸ್ ಕಾಳಿನ ತಟ್ಟೆ ನೋಡುತ್ತ ಕೂರುತ್ತಿದ್ದ.

೧೯೫೦ರ ಮೇ ತಿಂಗಳಲ್ಲಿ ಹದಿನಾಲ್ಕು ಲಾರಿಗಳಲ್ಲಿ ಸಿನಿಮಾದವರು ಬಂದರು. ಕಪ್ಪುಬಿಳುಪು ಚಿತ್ರ. ಅಪ್ಪಟ ಬಿಳುಪು ಕ್ಯಾಮೆರಾಕ್ಕೆ ಕುಕ್ಕುತ್ತದೆಂದು ಬಿಳಿ ಅಂಗಿಗಳನ್ನೆಲ್ಲ ಚಹಾದ ಬಕೆಟ್ಟಿನಲ್ಲಿ ಅದ್ದಿ ಬೇಲಿಯ ಮೇಲೆ ಒಣಹಾಕುತ್ತಿದ್ದರು. ಕಥೆಯೋ, ರಾಂಚಿನ ಮುದಿ ಯಜಮಾನ, ಅವನ ಇಬ್ಬರು ಗಂಡುಮಕ್ಕಳು, ಆಸ್ತಿ, ಮೋಸ. ಕೇಳಿದ ಆರ್ಫಾ, "ಇದಕ್ಕೆ ಅಷ್ಟು ದೂರದಿಂದ ಬರಬೇಕಿತ್ತಾ? ಕಾಗದ ಬರೆದಿದ್ರೆ ನಾನೇ ಹೇಳಿ ಕಳಿಸ್ತಿದ್ದೆ," ಎಂದಳು.

ಕಥೆಯಲ್ಲಿ ಕಿರಿಯ ಮಗ ಅಣ್ಣನ ಕರುಗಳಿಗೆ ಕದ್ದು ತನ್ನ ಬರೆ ಹಾಕುವ ದೃಶ್ಯವಿತ್ತು. ಅದಕ್ಕೆಂದು ತಂದಿದ್ದ ಬರೆಗೋಲು ಬಣ್ಣ ಹಚ್ಚಿದ ಮರದ್ದು. ನಿರ್ದೇಶಕ ಅದನ್ನು ಕಸದ ಕಡೆಗೆ ಎಸೆದ.

"ನಿಜವಾದ ಕಬ್ಬಿಣ ಕೊಡಿ. ಆದ್ರೆ ಯಾರ ದನದ ಮೇಲೂ ಇಲ್ಲದ ಬರೆ ಬೇಕು."

"ನಮ್ಮಕ್ಕನ ಹತ್ರ ಅಂಥದ್ದೇ ಒಂದಿದೆ," ಎಂದು ಲೈಮನ್ ನಕ್ಕ. "ಹೋಗು ಅಕ್ಕಾ, ತಗೊಂಡ್ ಬಾ. ಅಮ್ಮನ ಕಬ್ಬಿಣಕ್ಕೆ ಕೊನೆಗೂ ಒಂದು ಕೆಲಸ ಸಿಕ್ತು."

ಆರ್ಫಾ ತಂದುಕೊಟ್ಟಳು. ಬೆಂಕಿಯ ಕೆಲಸವನ್ನು ತಾನೇ ವಹಿಸಿಕೊಂಡಳು. ಕ್ಯಾಮೆರಾ ಎಲ್ಲಿಡಬೇಕೆಂಬ ಚರ್ಚೆ ನಡೆಯುತ್ತಿದ್ದಾಗ, "ಬಿಸಿಲು ಆ ಕಡೆಯಿಂದ ಬರುತ್ತೆ. ಕರೂನ ಬಲ ಮಗ್ಗುಲಿಗೆ ಕೆಡವಿದ್ರೆ ಎಡ ತೊಡೆ ಬೆಳಕಿಗೆ ಬೀಳುತ್ತೆ," ಎಂದಳು. ಅದು ಸುಳ್ಳೂ ಆಗಿರಲಿಲ್ಲ. ಕ್ಯಾಮೆರಾದವನು ಬಂದು ಅವಳ ಕೈ ಕುಲುಕಿದ.

ನಾಯಕನಟನ ಕೈಗಳು ತೀರ ಮೆತ್ತಗಿದ್ದವು. ಹತ್ತಿರದಿಂದ ತೆಗೆಯುವ ಚಿತ್ರಕ್ಕೆ ಲೈಮನ್ನನ ಕೈಗಳನ್ನು ಆರಿಸಿದರು. "ಏನು ಕೈಗಳು! ಇವೇ ಒಂದು ಕಥೆ ಹೇಳ್ತವೆ," ಎಂದ ನಿರ್ದೇಶಕ. ಲೈಮನ್ ಕಿವಿಯವರೆಗೂ ಕೆಂಪಾದ. ಅಂಥ ಮಾತನ್ನು ಅಪ್ಪನಿಂದಲೂ ಅವನು ಕೇಳಿರಲಿಲ್ಲ.

ಮೊದಮೊದಲು ಲೈಮನ್ ಹುಷಾರಾಗಿಯೇ ಇದ್ದ. ಇನ್ನೂ ಬರೆ ಬೀಳದ ತನ್ನದೇ ಕರುವಿನ ತೊಡೆಯ ಮೇಲೆ ಒದ್ದೆ ಗೋಣಿ ಹಾಸಿ, ಅದರ ಮೇಲೆ ಕಬ್ಬಿಣ ಒತ್ತಿದ. ಹಾಗೆ ಮಾಡಿದರೆ ಕೂದಲು ಮಾತ್ರ ಕರಕಾಗುತ್ತದೆ, ಎರಡು ತಿಂಗಳಲ್ಲಿ ಮತ್ತೆ ಬೆಳೆದು ಮುಚ್ಚಿಕೊಳ್ಳುತ್ತದೆ. ಆದರೆ ಗೋಣಿಯಿಂದ ಎದ್ದದ್ದು ಬಿಳಿ ಹಬೆ.

"ಇದು ಬರೆ ಹಾಕೋದಾ, ಇಸ್ತ್ರಿ ಮಾಡೋದಾ?" ಎಂದು ನಿರ್ದೇಶಕ ಕೂಗಾಡಿದ. "ನಂಗೆ ಕರೀ ಹೊಗೆ ಬೇಕು!"

ಲೈಮನ್ ಅಕ್ಕನ ಮುಖ ನೋಡಿದ. "ಗೋಣಿ ತೆಗೆದು ಹಗುರಕ್ಕೆ ತಾಗಿಸಿ ಎತ್ತಿಬಿಟ್ರೆ ಕೂದಲಷ್ಟೇ ಅಲ್ವಾ?"

"ಕೈ ಹಗುರ ಇದ್ರೆ," ಎಂದಳು ಆರ್ಫಾ.

ಕೆಂಪಗೆ ಕಾದ ಕಬ್ಬಿಣ ಕೂದಲಿಗೆ ಬೆಂಕಿ ಹಚ್ಚಿ ಗುರುತನ್ನೇ ಕದಡುತ್ತದೆ. ಕಪ್ಪಗಿರುವ ಕಬ್ಬಿಣದ ಶಾಖ ಚರ್ಮಕ್ಕೆ ಸಾಲದು. ಇವೆರಡರ ನಡುವೆ ಕಬ್ಬಿಣ ತಣ್ಣನೆಯ ಬೂದಿಯಂತೆ ಕಾಣುವ ಹಂತವೊಂದಿದೆ. ಆ ಹಂತದಲ್ಲಿ ಮೂರು ಸೆಕೆಂಡು ಒತ್ತಿದರೆ ಬರೆ ದನದ ಜೊತೆಗೇ ಸಾಯುತ್ತದೆ. ಆರ್ಫಾ ಪ್ರತಿ ಸಲವೂ ಕೆಂಡದ ಅಂಚಿನಿಂದ ಕಬ್ಬಿಣವನ್ನು ಆ ಬಣ್ಣದಲ್ಲೇ ತೆಗೆದುಕೊಟ್ಟಳು. ಉಳಿದ ಮೂರು ಸೆಕೆಂಡುಗಳನ್ನು ನಿರ್ದೇಶಕ ಕೊಟ್ಟ. "ಒತ್ತು... ಹಾಗೇ ಇರು... ಎತ್ತಬೇಡ, ಎತ್ತಬೇಡ!" ಲೈಮನ್ ಎತ್ತಲಿಲ್ಲ.

ಒಮ್ಮೆ ಬರೆ ಬಿದ್ದ ಕರು ಮತ್ತೆ ಚಿತ್ರಕ್ಕೆ ಬರುವುದಿಲ್ಲ. ಮೋಡ ಬಂತು, ಕರು ಒದೆಯಿತು, ಹೊಗೆ ಅತ್ತ ತಿರುಗಿತು. ಪ್ರತಿ ಸಲವೂ ಹೊಸ ಕರು. ಎರಡು ದಿನಕ್ಕೆ ನಲವತ್ತೇಳು ಆದವು.

ಹಗ್ಗ ಸುತ್ತುತ್ತ ಚೋನ್ ಬೆಂಕಿಯ ಬಳಿ ಬಂದ. "ದೋನ್ಯಾ, ಇದು ಬರೀ ಕೂದಲು ಸುಟ್ಟ ವಾಸನೆ ಅಲ್ಲ."

"ನಿನ್ನ ಮೂಗು ಚೆನ್ನಾಗಿದೆ. ಬಾಯಿ ಹೇಗಿದೆ?"

"ಬಾಯಿ ಕೆಟ್ಟು ನಲವತ್ತು ವರ್ಷ ಆಯ್ತು," ಎಂದು ಚೋನ್ ಮುಂದಿನ ಕರುವಿನ ಕಡೆ ಹೋದ.

ಆ ಸಂಜೆಯೇ ಕರುಗಳನ್ನು ತಾಯಿಗಳೊಂದಿಗೆ ಬೆಟ್ಟದ ಹುಲ್ಲಿಗೆ ಬಿಟ್ಟರು. ತನ್ನ ಬರೆ ಆಮೇಲೆ ಹಾಕಿದರಾಯಿತೆಂದು ಲೈಮನ್ ಅವನ್ನು ತಿರುಗಿ ನೋಡಲಿಲ್ಲ. ನಾಯಕಿಯಿರುವ ಮೇಜಿನಲ್ಲಿ ಅವನಿಗೆ ಊಟಕ್ಕೆ ಕರೆಯಿತ್ತು.

ಅಕ್ಟೋಬರಿನಲ್ಲಿ ಮಂದೆ ಕೆಳಗಿಳಿಯಿತು. ಲೈಮನ್ ಕರುಗಳನ್ನು ಬೇರ್ಪಡಿಸಿ, ವಯಸ್ಸಾಗಿದ್ದ ಅವುಗಳ ತಾಯಿಹಸುಗಳನ್ನೆಲ್ಲ ಮಾರಿ ಅವಸರದಲ್ಲಿ ರೈಲಿಗೆ ಹತ್ತಿಸಿ ಕಳಿಸಿಬಿಟ್ಟ. ಆಮೇಲೆ, ದೊಡ್ಡಿಯಲ್ಲಿ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಅವನ ಕಣ್ಣಿಗೆ ಬಿತ್ತು: ಮಾಡು, ಅದರ ಕೆಳಗೆ ಅರ್ಧಚಂದ್ರ. ಕೂದಲು ಒಂದೆಳೆಯೂ ಬೆಳೆದಿರಲಿಲ್ಲ. ಅವನು ಅಡುಗೆಮನೆಗೆ ಬಂದ.

"ಅಕ್ಕಾ, ಆ ಕರುಗಳಿಗೆ ಗೆರೆ ಎಳೆದುಬಿಡು. ಹಕ್ಕು ಬಿಟ್ಟೆ ಅಂತ ಒಂದು ಚೀಟಿ ಬರೆದುಕೊಡು."

"ಗೆರೆ ಎಳೆಯೋದು ನಿಂಗೇ ಚೆನ್ನಾಗಿ ಬರುತ್ತಲ್ಲ."

"ನೀನು ಒಪ್ಪದೆ ಎಳೆದ್ರೆ ನಂಗೆ ಜೈಲು."

"ಓ, ಅದು ಗೊತ್ತಿದೆಯಾ? ಒಳ್ಳೇದು," ಎಂದು ಆರ್ಫಾ ಕೈ ಒರೆಸಿಕೊಂಡು ಹೋಗಿ ಬರೆ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದಳು.

ಇನ್ಸ್‌ಪೆಕ್ಟರ್ ಪೆಟಿಗ್ರೂ ಮರುದಿನ ಬಂದ. ಬೆರಳಿನಿಂದ ಗುರುತುಗಳನ್ನು ಸವರಿ ನೋಡಿ ಪುಸ್ತಕ ತೆರೆದ. "ಎಡ ತೊಡೆ. ಆರ್ಫಾ ಹ್ಯಾಸ್ಕ್ಯೂ. ನೋಂದಣಿ ಸರಿಯಾಗಿದೆ."

"ಅಯ್ಯೋ, ಅದು ಸಿನಿಮಾಕ್ಕೆ ಹಾಕಿದ್ದು ಸ್ವಾಮಿ!" ಎಂದ ಲೈಮನ್.

"ಕರೂಗೆ ಅದು ಗೊತ್ತಾಗೋದು ಹೇಗೆ? ತಾಯಿಗಳ ಜೊತೆ ಬಿಡಪ್ಪ, ನೋಡೋಣ. ನಿನ್ನ ಹಸುವಿನ ಮೊಲೆಗೆ ಬಾಯಿ ಹಾಕಿದ್ರೆ ನಿನ್ನದು."

ಲೈಮನ್ ರೈಲು ಹಳಿಯ ಕಡೆ ನೋಡಿದ.

"ಬರೆ ಹಾಕಿದ್ದು ಯಾರು?" ಎಂದು ಪೆಟಿಗ್ರೂ ಚೋನನನ್ನು ಕೇಳಿದ.

"ಲೈಮನ್ ಯಜಮಾನ್ರೇ, ಕೈಯಾರೆ. ಯಾರೂ ಬಲವಂತ ಮಾಡ್ಲಿಲ್ಲ. ಅನುಮಾನ ಇದ್ರೆ ಚಿತ್ರ ಬಿಡುಗಡೆಯಾದ ಮೇಲೆ ನೋಡಿ ಸ್ವಾಮಿ. ಕೈ ದೊಡ್ಡದಾಗಿ ಕಾಣುತ್ತಂತೆ."

ಬೇಲಿಗೆ ಒರಗಿದ್ದ ಆಳುಗಳು ನಕ್ಕರು. ಈ ಸಲ ಅವರಿಗೆ ನಗಲೇಬೇಕೆಂದಿರಲಿಲ್ಲ.

ಲೈಮನ್ ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದ. "ಏನು ಬೇಕು ನಿಂಗೆ? ಹೇಳಿಬಿಡು."

"ಅಪ್ಪ ಆ ಪತ್ರಕ್ಕೆ ಹೇಗೆ ಸಹಿ ಹಾಕಿದ್ರು? ಇವರೆಲ್ಲರ ಮುಂದೆ ಹೇಳು."

ಅವನು ಟೋಪಿ ತೆಗೆದ. ಮತ್ತೆ ಹಾಕಿಕೊಂಡ. "ಪೆನ್ನು ಹಿಡಿಯೋಕೆ ಆಗ್ತಿರಲಿಲ್ಲ. ನಾನೇ ಕೈ ಹಿಡಿದು ಬರೆಸಿದೆ."

"ಅಪ್ಪನಿಗೆ ಎಚ್ಚರ ಇತ್ತಾ?"

"ಇತ್ತು. ನಿನ್ನ ಹೆಸರು ಕರೀತಿದ್ರು." ಅವನು ಜೇಬಿನಿಂದ ಪೆನ್ನು ತೆಗೆದು ಅವಳತ್ತ ಚಾಚಿದ. "ಸಾಕಾ? ಈಗ ಆ ಚೀಟಿ ಬರೆದುಕೊಡು."

ಆ ಮಾತಿಗೆ ಆರ್ಫಾ ನಾಲ್ಕು ವರ್ಷ ಕಾದಿದ್ದಳು. ಕೇಳಿದ ಮೇಲೆ ಒಳಗಿನ ಉರಿ ಆರೀತು ಎಂದುಕೊಂಡಿದ್ದಳು, ಆರಲಿಲ್ಲ. ಬಟ್ಟೆ ಒಗೆಯುತ್ತ ಕೆಳಗಿದ್ದ ಆ ಅರ್ಧ ಗಂಟೆ ಈಗ ಮೊದಲಿಗಿಂತ ಉದ್ದವಾಯಿತು.

"ಚೀಟಿ ಕೊಡ್ತೀನಿ ಅಂತ ನಾನು ಹೇಳಿದ್ನಾ?" ಎಂದಳು. "ಇನ್ಸ್‌ಪೆಕ್ಟರೇ, ನಲವತ್ತೇಳು ಅಂತ ಬರ್ಕೊಳ್ಳಿ."

ಮಂದೆ ಕೈ ಬದಲಾಗುವಾಗ ಗೇಟಿನ ಎರಡು ಕಡೆ ಇಬ್ಬರು ನಿಂತು ಎಣಿಸಬೇಕು, ಒಬ್ಬ ಬಿಡುವವನು, ಒಬ್ಬ ಪಡೆಯುವವನು. ಲೈಮನ್ ಒಂದು ಕಂಬಕ್ಕೆ, ಆರ್ಫಾ ಇನ್ನೊಂದು ಕಂಬಕ್ಕೆ ನಿಂತರು. ಚೋನ್ ಕರುಗಳನ್ನು ಒಂದೊಂದಾಗಿ ನೂಕಿದ. ಒಂದೊಂದರ ಎಡ ತೊಡೆಯೂ ಲೈಮನ್ನನ ಮೊಣಕಾಲಿಗೆ ಸವರಿಕೊಂಡು ದಾಟಿತು.

"ನಲವತ್ತೇಳು," ಎಂದ ಲೈಮನ್, ನೆಲ ನೋಡುತ್ತ.

ಆರ್ಫಾ ಅವನ ಬಗ್ಗಿದ ತಲೆಯನ್ನೇ ನೋಡಿದಳು. "ನಂಗೆ ನಲವತ್ತಾರು ಬಂತು."

ಚೋನ್ ತಟ್ಟನೆ ತಲೆ ಎತ್ತಿದ. ಮೂವತ್ತು ವರ್ಷದಲ್ಲಿ ಈ ಹೆಂಗಸಿನ ಎಣಿಕೆ ತಪ್ಪಿದ್ದನ್ನು ಅವನು ಕಂಡಿರಲಿಲ್ಲ.

"ಲೆಕ್ಕ ಸೇರದಿದ್ರೆ ಮತ್ತೆ ಎಣಿಸಲೇಬೇಕು," ಎಂದ ಪೆಟಿಗ್ರೂ. "ವಾಪಸ್ ಹೊಡಿಯಪ್ಪ."

"ಇಲ್ಲೇ ನಿಂತಿರು ಲೈಮನ್," ಎಂದಳು ಆರ್ಫಾ. "ಈ ಸಲ ತಲೆ ಎತ್ತಿ ಎಣಿಸು."

ಚೋನ್ ಕರುಗಳನ್ನು ದೊಡ್ಡಿಯೊಳಕ್ಕೆ ತಿರುಗಿಸಿದ. ಧೂಳು ಇಳಿಯುವವರೆಗೆ ಕಾದರು. ಆಮೇಲೆ ಮೊದಲನೆಯ ಕರು ಮತ್ತೆ ಗೇಟಿಗೆ ಬಂತು.