ಸೋದರಮಾವನ ತೊಡೆಯೂ ಮರದ ಕುದುರೆಯೂ

ಬೆಳಗಿನಿಂದ ಓಣಿಯ ತುಂಬ ಗ್ರೀಸಿನ ವಾಸನೆ. ಎದುರಿನ ಬಯಲಲ್ಲಿ ಎಗ್ಜಿಬಿಷನ್ನಿನವರು ಲಾರಿಯಿಂದ ಮರದ ಕುದುರೆಗಳನ್ನು ಇಳಿಸುತ್ತಿದ್ದಾರೆ. ಬಳ್ಳಾರಿಯ ಬಿಸಿಲಿಗೆ ಅವೂ ನನ್ನಂತೆಯೇ ಬಾಯಿ ಬಿಟ್ಟುಕೊಂಡಿವೆ. ಈ ವಾಸನೆಗೆ ನಿಮಗೆ ಲಾರಿ ನೆನಪಾಗಬಹುದು. ನನಗೆ ಮಾತ್ರ ಕಾಲು ನೋಯತೊಡಗುತ್ತದೆ.

ಏಳೆಂಟು ವರ್ಷದ ಹಿಂದೆ ಅಕ್ಕ ಸಿರುಗುಪ್ಪದಿಂದ ನಾಲ್ಕು ವರ್ಷದ ಮಗಳು ನೀಲುವಿಗೆ ಇದೇ ಬಯಲಿನ ಎಗ್ಜಿಬಿಷನ್ ತೋರಿಸಲೆಂದು ನಮ್ಮಲ್ಲಿಗೆ ಬಂದಿದ್ದಳು. ನಾನಾಗ ಕಾಲೇಜಿನ ಹುಡುಗ. ಕಂಡವರ ದನಿ ಕದಿಯುವುದೇ ಕಸುಬು: ಕುರುಗೋಡು ಬಸ್ಸಿನ ಕಂಡಕ್ಟರು, ಗೊರಕೆ ಹೊಡೆಯುವ ಭಾವ, ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಹೇಳುವ ಮನೆ ಮಾಲೀಕರು. ಪರೀಕ್ಷೆಯಲ್ಲಿ ಮಾತ್ರ ಇವರ್‍ಯಾರೂ ನೆರವಿಗೆ ಬರುತ್ತಿರಲಿಲ್ಲ.

"ಮೊದಲ್ನೇ ಸಲ ರಾಟಿ ಏರಾಕತ್ಯಾಳ. ಸ್ವಾದರಮಾವನ ತೊಡಿ ಮ್ಯಾಲೇ ಕುಂದರಬೇಕು," ಎಂದಳು ಅಕ್ಕ. ನಮ್ಮಲ್ಲಿ ಜವಳ, ಕಿವಿ ಚುಚ್ಚುವುದು, ಎಲ್ಲಕ್ಕೂ ಸೋದರಮಾವನ ತೊಡೆಯೇ ಆಗಬೇಕು. ಅದಕ್ಕೆ ಎಗ್ಜಿಬಿಷನ್ನಿನ ತಿರುಗುವ ರಾಟೆಯನ್ನೂ ಸೇರಿಸಿದ್ದು ಅಕ್ಕನ ಸ್ವಂತ ಶಾಸ್ತ್ರ.

ಆದರೆ ಹಿಂದಿನ ತಿಂಗಳಷ್ಟೇ ಅದೇ ತೊಡೆಯ ಮೇಲೆ ನೀಲುವಿನ ಕಿವಿ ಚುಚ್ಚಿಸಿದ್ದರು. "ಕಾಗಿ ಹೆಂಗ ಕೂಗತೈತಿ ಕೇಳು" ಎಂದು ನಾನು ಕಾ ಕಾ ಅಂದೆ. ಅವಳು ನಕ್ಕ ಹೊತ್ತು ನೋಡಿ ಅಕ್ಕಸಾಲಿಗರು ಚುಚ್ಚಿಬಿಟ್ಟರು. ಅಂದಿನಿಂದ ನಾನು ಯಾರ ದನಿ ತೆಗೆದರೂ ನೀಲು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಸಂಕಟದಿಂದ. ಒಂದು ಆಟ ಆಡಿಸಿ ಮಗುವನ್ನು ಮತ್ತೆ ಹತ್ತಿರ ಮಾಡಿಕೊಳ್ಳಬೇಕಿತ್ತು.

ದೊಡ್ಡ ರಾಟೆ ನೋಡಿಯೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಇದು ಮಗೀಗೆ ಬ್ಯಾಡಕ್ಕಾ."

"ಮಗೀಗೋ, ನಿನಗೋ?"

ತೂಗುವ ದೋಣಿಯಿಂದ ಇಳಿದ ಪೈಲ್ವಾನನೊಬ್ಬ ಬೇಲಿ ಹಿಡಿದು ವಾಂತಿ ಮಾಡುತ್ತಿದ್ದ, ಅದೂ ಬೇಡವಾಯಿತು. ಹೀಗೆ ಇಡೀ ಬಯಲು ಅಲೆದು ಕಾಲು ಸೋತ ಮೇಲೆ ಉಳಿದದ್ದು, ಆಳು ಕೈಯಿಂದ ತಳ್ಳಿ ತಿರುಗಿಸುವ ಮರದ ಕುದುರೆಗಳು.

ಒಂದನ್ನು ಏರಿ ತೊಡೆ ತಟ್ಟಿದೆ. ನೀಲು ಕಿವಿ ಮುಚ್ಚಿಕೊಂಡಳು. ಕೆನೆದು ಕರೆಯೋಣವೆಂದು ಬಾಯಿ ತೆರೆದವನು, ದಣಿವಿಗೆ ಅದೂ ಆಗದೆ, ಇಳಿದು ಅವಳೆದುರು ನೆಲಕ್ಕೆ ಕೂತೆ.

"ನೀಲೂ, ಇದು ತಿರುಗತೈತಿ. ಒಂಚೂರು ಹೆದರಿಕಿ ಆಗತೈತಿ. ನೀ ಸಾಕಂದ್ರ ನಿಲ್ಲಸ್ತಾರ."

ಅವಳು ಒಂದು ಕೈ ಇಳಿಸಿದಳು. "ಇದು ಯಾರ ದನಿ, ಮಾಮಾ?"

"ನಂದ."

"ಚುಚ್ಚಂಗಿಲ್ಲ?"

"ಇಲ್ಲವ್ವ."

ಇನ್ನೊಂದು ಕೈಯನ್ನೂ ಇಳಿಸಿದಳು. "ತೊಡಿ ಬ್ಯಾಡ. ಬಾಜೂಕ ನಿಂದ್ರು."

ಒಬ್ಬಳೇ ಕುದುರೆಯ ಮೇಲೆ ಕೂತಳು. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ನನ್ನ ಕಿವಿ. ಬಗ್ಗಿಕೊಂಡೇ ಕುದುರೆಯ ಜೊತೆ ಸುತ್ತಿದೆ, ಸುತ್ತುತ್ತಲೇ ಇದ್ದೆ. ಅವಳು ಸಾಕು ಅನ್ನಲೇ ಇಲ್ಲ. "ಲೇ, ಶಾಸ್ತ್ರ ತಪ್ಪಿತಲ್ಲೋ!" ಎಂದು ಅಕ್ಕ ಬೇಲಿಯಾಚೆಯಿಂದ ಕೂಗುತ್ತಿದ್ದಳು. ಅಕ್ಕನ ದನಿಯನ್ನು ಅಲ್ಲೇ ತೆಗೆಯಬಹುದಿತ್ತು. ತೆಗೆಯಲಿಲ್ಲ.

ಇವತ್ತು ಸಂಜೆ ಬಯಲಿನ ಕಡೆ ಹೋದೆ. ಓಣಿಯ ಮಕ್ಕಳು ಮುತ್ತಿಕೊಂಡರು: "ಅಣ್ಣಾ, ಕುದುರಿ ಹೆಂಗ ಕೆನೀತೈತಿ, ಮಾಡಿ ತೋರ್ಸು!" ಗಂಟಲು ಸರಿಮಾಡಿಕೊಂಡೆ. ಅಂದಿನ ನೀಲುವಿನಷ್ಟೇ ಚಿಕ್ಕದೊಂದು ಮಗು ನನ್ನ ಬಾಯನ್ನೇ ನೋಡುತ್ತ ನಿಂತಿತ್ತು.

"ಮರದ ಕುದುರಿ ಕೆನಿಯಂಗಿಲ್ಲಪ್ಪ," ಎಂದು ಹೇಳಿ, ಮನೆಗೆ ಬಂದು ಕಾಲು ಚಾಚಿಕೊಂಡೆ.